9 ನಾಟ್ ಜಾಸ್ತಿ ಇತ್ತು, ನಾನು ಸುಮ್ಮನಿದ್ದೆ

ನಾನು ವಿಮಾನ ಹಾರಿಸುವುದನ್ನು ಕಲಿಸುತ್ತೇನೆ. ಅವತ್ತು ಬೆಳಿಗ್ಗೆ ಶಿಷ್ಯನೊಬ್ಬನ ಜೊತೆ ಸೆಸ್ನಾ 172 ಎಂಬ ಪುಟ್ಟ ವಿಮಾನದಲ್ಲಿ ಹಳ್ಳಿಯೊಂದರ ಹುಲ್ಲಿನ ರನ್‌ವೇಗೆ ಇಳಿಯುತ್ತಿದ್ದೆ. ಇಬ್ಬನಿ ಇನ್ನೂ ಆರಿರಲಿಲ್ಲ.

ಕಿರಿದಾದ ರನ್‌ವೇ ಕಣ್ಣಿಗೆ ಮೋಸ ಮಾಡುತ್ತದೆ. ಇರುವುದಕ್ಕಿಂತ ಎತ್ತರದಲ್ಲಿದ್ದೇವೆ ಅನ್ನಿಸುತ್ತದೆ. ಅವನೂ ಹಾಗೇ ತೀರಾ ಕೆಳಗೆ ಬಂದ. ಎದುರಿಗೆ ಮರಗಳು ಕಂಡವು. ಗಾಬರಿಯಾಗಿ, ಎಂಜಿನ್ ಶಕ್ತಿ ಹೆಚ್ಚಿಸುವ ಥ್ರಾಟಲ್ ಒತ್ತಿದ. 61 ನಾಟ್ (ವಿಮಾನದ ವೇಗದ ಅಳತೆ) ಇರಬೇಕಾದ ಕಡೆ ವೇಗದ ಮುಳ್ಳು 70ಕ್ಕೆ ಹೋಯಿತು. ನಾನು ನೋಡಿದೆ. ಅವನೇ ಸರಿ ಮಾಡಿಕೊಳ್ಳಲಿ ಎಂದು ಬಾಯಿ ಬಿಡಲಿಲ್ಲ.

ವಿಮಾನ ನೆಲಕ್ಕೆ ಕೂರಲೇ ಇಲ್ಲ. ಮೊಣಕಾಲೆತ್ತರದಲ್ಲಿ ತೇಲುತ್ತಾ ಹೋಯಿತು. ಅವನು ಯೋಕ್ (ವಿಮಾನದ ಮೂತಿ ಏರಿಳಿಸುವ ಹಿಡಿ) ಮುಂದಕ್ಕೆ ತಳ್ಳಿದ. ಮುಂಚಕ್ರ ಮೊದಲು ಬಡಿದು ವಿಮಾನ ಪುಟಿಯಿತು. "ಬಿಡು, ನಾನು ನೋಡ್ಕೋತೀನಿ" ಅಂದಾಗ ಅರ್ಧ ರನ್‌ವೇ ಹಿಂದೆ ಹೋಗಿತ್ತು. ಆಗಲೂ ಮೇಲೇಳಬಹುದಿತ್ತು. ನಾನು ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ವಿಮಾನ ನಿಲ್ಲಲಿಲ್ಲ. ಒದ್ದೆ ಹುಲ್ಲಿನ ಮೇಲೆ ಜಾರಿ, ರನ್‌ವೇ ದಾಟಿ, ಮುಂಚಕ್ರ ಹಳ್ಳಕ್ಕಿಳಿಯಿತು. ಪ್ರೊಪೆಲ್ಲರ್ ಮಣ್ಣಿಗೆ ಹೊಡೆದು ಎಂಜಿನ್ ನಿಂತಿತು. ಇಬ್ಬರಿಗೂ ಏನೂ ಆಗಲಿಲ್ಲ. ಪ್ರೊಪೆಲ್ಲರ್ ತುದಿ ಮಾತ್ರ ಬೆರಳು ಮಡಚಿದ ಹಾಗೆ ಬಾಗಿತ್ತು. ಹಾಗೆ ಬಡಿದರೆ ಎಂಜಿನ್ನನ್ನೂ ಬಿಚ್ಚಿ ನೋಡಬೇಕಾಗುತ್ತದೆ.

ಬರೀ 9 ನಾಟ್, ಅಲ್ವಾ? ಆದರೆ 61ಕ್ಕೆ 9 ಅಂದರೆ ಸುಮಾರು ಶೇ. 15; ವೇಗ ಅಷ್ಟು ಹೆಚ್ಚಿದರೆ ಬ್ರೇಕ್ ಕರಗಿಸಬೇಕಾದ ಶಕ್ತಿ ಶೇ. 30ಕ್ಕೂ ಜಾಸ್ತಿ ಹೆಚ್ಚುತ್ತದೆ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಕೈಪಿಡಿ ಪ್ರಕಾರ, ಒದ್ದೆ ಹುಲ್ಲಿಗೆ ಇಳಿಯುವ ದೂರವನ್ನು 1.35ರಿಂದ ಗುಣಿಸಬೇಕು. ಇಳಿಯುವ ವೇಗದ ಹತ್ತನೇ ಒಂದು ಪಾಲು ವೇಗದ ಗಾಳಿ ಹಿಂದಿನಿಂದ ಬೀಸಿದರೆ ಮತ್ತೆ 1.2ರಿಂದ. ಇವನ್ನು ಕೂಡಿಸುವುದಲ್ಲ, ಒಂದರ ಮೇಲೊಂದು ಗುಣಿಸುವುದು. ನಾವು ಅವತ್ತು ಯಾವ ಲೆಕ್ಕವನ್ನೂ ಹಾಕಿರಲಿಲ್ಲ.

ಈಗ 5 ನಾಟ್ ಜಾಸ್ತಿಯಾದರೂ ಜೋರಾಗಿ ಹೇಳುತ್ತೇನೆ. ಶಿಷ್ಯನಿಗೆ ಬೇಜಾರಾದರೆ ಆಗಲಿ. ಇಳಿಯುವ ಮೊದಲೇ ರನ್‌ವೇ ಪಕ್ಕ ಒಂದು ಪೊದೆಯನ್ನೋ ಕಲ್ಲನ್ನೋ ಗುರುತು ಮಾಡಿಕೊಳ್ಳುತ್ತೇವೆ. ಅಷ್ಟರೊಳಗೆ ಚಕ್ರ ನೆಲ ಹಿಡಿಯದಿದ್ದರೆ ಗೋ ಅರೌಂಡ್, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇಳುವುದು. ಥ್ರಾಟಲ್ ಪೂರ್ತಿ, ಇಳಿಯಲು ಕೆಳಗೆ ಬಿಟ್ಟಿರುವ ರೆಕ್ಕೆಯ ಹಿಂದಂಚಿನ ಫ್ಲಾಪ್ ಮೊದಲು 20 ಡಿಗ್ರಿಗೆ, ಉಳಿದದ್ದು ನಿಧಾನಕ್ಕೆ. ಒಂದೇ ಸಲ ಪೂರ್ತಿ ಎತ್ತಿದರೆ ವಿಮಾನ ಕುಸಿಯುತ್ತದೆ.

ಹೊರಡುವ ಮೊದಲು ರನ್‌ವೇ ನೋಡಿಕೊಳ್ಳುವವರಿಗೆ ಫೋನ್ ಮಾಡಿ, "ಒಂದು ಸಲ ಹುಲ್ಲಿನ ಮೇಲೆ ನಡೆದು ನೋಡ್ತೀರಾ?" ಎಂದು ಕೇಳುತ್ತೇನೆ. ಶೂ ಒದ್ದೆಯಾಯಿತು ಅಂದರೆ, ಬಿಸಿಲು ಏರುವವರೆಗೆ ಕಾಯುತ್ತೇವೆ.