ನಿಂತರೆ ಸಾಕೋ, ಕೂರಲೇಬೇಕೋ?

ದಾವಣಗೆರೆಯ ನಮ್ಮ ಚಿಕಿತ್ಸಾಲಯಕ್ಕೆ ಸೊಂಟನೋವು, ಕಾಲಿನ ಸೆಳೆತ ಎಂದು ಬರುವ ಹಿರಿಯರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಹತ್ತಿಗಿರಣಿಗಳಲ್ಲಿ ಪಾಳಿಗಟ್ಟಲೆ ನಿಂತು ದುಡಿದವರು, ಇಲ್ಲವೇ ಮಂಡಕ್ಕಿ ಭಟ್ಟಿಗಳಲ್ಲಿ, ಭದ್ರಾ ನಾಲೆಯ ಗದ್ದೆಗಳಲ್ಲಿ ಬಗ್ಗಿ ಬೆನ್ನು ಸವೆಸಿದವರು. ಫಿಸಿಯೋಥೆರಪಿ ಓದಿ, ಬಳಿಕ ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಒತ್ತಿ ಚಿಕಿತ್ಸೆ ನೀಡುವ ಕೈರೋಪ್ರಾಕ್ಟಿಕ್ ವಿಧಾನಗಳನ್ನು ಕಲಿತ ನನಗೆ ಇವರ ನಡುವೆ ಕೆಲಸ ಮಾಡುತ್ತ ಮನವರಿಕೆಯಾದದ್ದೇನೆಂದರೆ, ವಯಸ್ಸಾದವರ ಬೆನ್ನು ಮುಟ್ಟುವ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ನಡೆಯುವಾಗ ಕಾಲು ನೋಯತೊಡಗಿದರೆ ಸುಮ್ಮನೆ ನಿಂತರೆ ಸಾಕಾಗುತ್ತದೆಯೋ, ಕೂರಲೇಬೇಕೋ?

ನಿವೃತ್ತ ಗಿರಣಿ ಕಾರ್ಮಿಕರೊಬ್ಬರಿಗೆ ದುಗ್ಗಮ್ಮನ ಗುಡಿಗೆ ನಡೆದು ಹೋಗುವುದೇ ಕಷ್ಟವಾಗಿತ್ತು. ದಾರಿಯಲ್ಲಿ ಸಿಕ್ಕ ಅಂಗಡಿಗಳ ಕಟ್ಟೆಯ ಮೇಲೆಲ್ಲ ಕೂತು ಕೂತು ಹೋಗುತ್ತಿದ್ದರು. ಅದೇ ಮನುಷ್ಯ ಹ್ಯಾಂಡಲ್ ಮೇಲೆ ಬಾಗಿ ಸೈಕಲ್ ತುಳಿಯುತ್ತ ಮಂಡಿಪೇಟೆಗೆ ಹೋಗಿ ಸಾಮಾನು ತರುತ್ತಿದ್ದುದರಿಂದ ಮನೆಯವರಿಗೆ ಅವರ ಕಾಲುನೋವು ನೆಪವೆಂದೇ ತೋರಿತ್ತು. ವಾಸ್ತವದಲ್ಲಿ ಇದು ಬೆನ್ನುಹುರಿಯ ನಾಳ ಸೊಂಟದ ಮಟ್ಟದಲ್ಲಿ ಕಿರಿದಾದಾಗ ಕಾಣುವ ಲಕ್ಷಣ. ನೆಟ್ಟಗೆ ನಿಂತಾಗ ನಾಳದೊಳಗಿನ ಜಾಗ ಇನ್ನಷ್ಟು ಕುಗ್ಗಿ ನರಗಳ ಮೇಲೆ ಒತ್ತಡ ಬೀಳುತ್ತದೆ. ಮುಂದಕ್ಕೆ ಬಾಗಿದಾಗ ಅಥವಾ ಕೂತಾಗ ಜಾಗ ತುಸು ತೆರೆದುಕೊಂಡು ನೋವು ಇಳಿಯುತ್ತದೆ. ಬಹಳ ವರ್ಷ ಬೀಡಿ ಸೇದಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಕಾಲಿನ ರಕ್ತನಾಳ ಕಟ್ಟಿದ್ದರೂ ನಡೆಯುವಾಗ ಹೀಗೆಯೇ ಮೀನಖಂಡ ಹಿಡಿದುಕೊಳ್ಳುತ್ತದೆ, ಆದರೆ ಅದು ನಿಂತಲ್ಲಿಯೇ ನಿಂತರೂ ಕಡಿಮೆಯಾಗುತ್ತದೆ. ಆದ್ದರಿಂದ ನಾನು ಪಾದದ ಮೇಲೆ, ಕಣಕಾಲಿನ ಒಳಬದಿಯ ಗಂಟಿನ ಹಿಂದೆ ಬೆರಳಿಟ್ಟು ನಾಡಿ ನೋಡದೆ ಮುಂದುವರಿಯುವುದಿಲ್ಲ. ನಾಡಿ ಕ್ಷೀಣವಾಗಿದ್ದರೆ ಅವರು ಹೋಗಬೇಕಾದದ್ದು ರಕ್ತನಾಳದ ವೈದ್ಯರ ಬಳಿಗೆ. ಬೆನ್ನು ಎಷ್ಟು ನೀವಿದರೂ ಅಲ್ಲಿ ಪ್ರಯೋಜನವಿಲ್ಲ.

ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದ ಮೊಮ್ಮಕ್ಕಳು 'ಲಟಕ್ ಅನ್ನಿಸಿ ಸಾರ್' ಎಂದು ಕೇಳುವುದುಂಟು. ಆ ಸದ್ದು ಮೂಳೆ ತನ್ನ ಜಾಗಕ್ಕೆ ಬಂದ ಸದ್ದಲ್ಲ, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯಿಂದ ಉಂಟಾಗುವುದು. ಬೆರಳಿನ ನೆಟಿಕೆ ತೆಗೆದಾಗ ಕೇಳುವುದೂ ಅದೇ. 1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟಿನಲ್ಲಿ ಡಿ. ಡಿ. ಪಾಮರ್ ಆರಂಭಿಸಿದ ಕೈರೋಪ್ರಾಕ್ಟಿಕ್ ಪದ್ಧತಿ ರಭಸದ ಒತ್ತಿನಿಂದಲೇ ಹೆಸರಾಗಿದ್ದರೂ, ಹಿರಿಯರಿಗೆ ಹೊಂದುವುದು ಅದರ ಮೃದುವಾದ ಕವಲುಗಳು. ನಮ್ಮಲ್ಲಿ ರೋಗಿಯನ್ನು ಬೋರಲಾಗಿ ಮಲಗಿಸಿ, ಒಂದು ಅಂಗೈಯನ್ನು ಸೊಂಟದ ಕಶೇರುಕದ ಮೇಲಿಟ್ಟು, ಚಿಕಿತ್ಸೆಯ ಮೇಜಿನಲ್ಲಿ ರೋಗಿಯ ಕಾಲುಗಳಿರುವ ಭಾಗವನ್ನು ಉಸಿರಾಟದ ಲಯದಲ್ಲಿ ನಿಧಾನವಾಗಿ ಕೆಳಗಿಳಿಸಿ ಮೇಲೆತ್ತುತ್ತೇವೆ. ಪ್ರತಿ ಸಲವೂ ಕಾಲಿನ ನೋವು ಕೆಳಗೆ ಹರಿಯಿತೋ, ಸೊಂಟದ ಕಡೆಗೆ ಹಿಂದೆ ಸರಿಯಿತೋ ಎಂದು ಕೇಳುತ್ತೇನೆ; ಕೆಳಗೆ ಹರಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಇದರಿಂದ ಕಿರಿದಾದ ನಾಳ ಶಾಶ್ವತವಾಗಿ ಅಗಲವಾಗುವುದಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು. ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ತರುವ ವ್ಯಾಯಾಮವನ್ನು ಮನೆಯಲ್ಲಿ ಮಾಡದವರಿಗೆ ನನ್ನ ಕೈಯಿಂದ ದೊರೆಯುವ ಉಪಶಮನ ಹೆಚ್ಚು ಕಾಲ ಉಳಿಯುವುದೂ ಇಲ್ಲ. ಸುಧಾರಣೆಯನ್ನು ನಾನು ಅಳೆಯುವುದು ಕೂರದೆ ಎಷ್ಟು ದೂರ ನಡೆದರು ಎಂಬುದರಿಂದ, ಏಕೆಂದರೆ 'ಸ್ವಲ್ಪ ಪರವಾಗಿಲ್ಲ' ಎಂಬ ಮಾತನ್ನು ನಮ್ಮ ಹಿರಿಯರು ದಾಕ್ಷಿಣ್ಯಕ್ಕೂ ಹೇಳುತ್ತಾರೆ.

ಮುಟ್ಟು ನಿಂತು ಬಹಳ ವರ್ಷಗಳಾದ ಮಹಿಳೆಯರು ಮತ್ತು ಉಬ್ಬಸಕ್ಕೆಂದು ದೀರ್ಘಕಾಲ ಸ್ಟೀರಾಯ್ಡ್ ಗುಳಿಗೆ ನುಂಗಿದವರು ಬಂದಾಗ ಮೂಳೆಯ ಸಾಂದ್ರತೆಯ ಪರೀಕ್ಷೆಯನ್ನು ಕೇಳುತ್ತೇನೆ; ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಅದರಲ್ಲಿ ಕೊಡುವ ಅಂಕ, ಅಂದರೆ ಟಿ-ಸ್ಕೋರ್, -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ರಭಸದ ಒತ್ತು ಸಂಪೂರ್ಣ ವರ್ಜ್ಯ. ಸಣ್ಣದಾಗಿ ಜಾರಿ ಬಿದ್ದ ಮೇಲೆ ಶುರುವಾದ ನೋವು, ಮಲಗಿದರೂ ಬಿಡದ ರಾತ್ರಿಯ ನೋವು, ಜ್ವರ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ತಪಾಸಣೆಯಾಗಬೇಕು. ಮೂತ್ರ ಕಟ್ಟಿಕೊಂಡರೆ, ತೊಡೆಸಂದಿಯ ಸುತ್ತ ಸ್ಪರ್ಶ ಮರಗಟ್ಟಿದರೆ ಅಥವಾ ಕಾಲುಗಳ ಬಲ ಇದ್ದಕ್ಕಿದ್ದಂತೆ ಹೋದರೆ ನನ್ನ ಅಪಾಯಿಂಟ್‌ಮೆಂಟಿಗೆ ಕಾಯದೆ, ರಾತ್ರಿಯಾಗಿದ್ದರೂ ಸರಿ, ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕೆಂದು ಜೊತೆಗೆ ಬಂದವರಿಗೆ ಚೀಟಿಯಲ್ಲಿ ಬರೆದುಕೊಡುತ್ತೇನೆ.