ಯೋನನ ಕತೆ ನಡೆದದ್ದಾ ಎಂದು ಕೇಳಿದ ಹುಡುಗಿಗೆ

"ಅಂಕಲ್, ಮೀನಿನ ಹೊಟ್ಟೆಯಲ್ಲಿ ಯೋನ ಮೂರು ದಿನ ಉಸಿರಾಡಿದ್ದು ಹೇಗೆ? ಇದು ನಿಜವಾಗಿ ನಡೆದದ್ದಾ?"

ಈ ಭಾನುವಾರ ಸಂಡೇ ಸ್ಕೂಲಿನಲ್ಲಿ ಹುಡುಗಿಯೊಬ್ಬಳು ಹೀಗೆ ಕೇಳಿದಳು. ಅಶ್ಶೂರ ಸಾಮ್ರಾಜ್ಯದ ನಿನೆವೆ ಊರಿಗೆ ಹೋಗಿ ಎಚ್ಚರಿಕೆ ಕೊಡು ಎಂಬ ದೇವರ ಮಾತು ಕೇಳದೆ ಓಡಿಹೋದ ಪ್ರವಾದಿ ಯೋನನನ್ನು ದೊಡ್ಡ ಮೀನು ನುಂಗಿ ಮೂರು ದಿನದ ಮೇಲೆ ಕಾರಿತು, ಆಮೇಲೆ ಅವನ ಮಾತು ಕೇಳಿ ಪಶ್ಚಾತ್ತಾಪಪಟ್ಟ ನಿನೆವೆಯವರನ್ನು ದೇವರು ಉಳಿಸಿದ ಎನ್ನುವುದು ಬೈಬಲಿನ ಕತೆ. "ಬೈಬಲಿನಲ್ಲಿದೆ ಅಂದ್ಮೇಲೆ ಮುಗೀತು ಮಗಳೇ, ಇಂಥದ್ದೆಲ್ಲ ಕೇಳಬಾರದು" ಅಂದರು ಪಾಠ ಮಾಡುತ್ತಿದ್ದ ಹಿರಿಯರು. ಅವಳು ಬೈಬಲ್ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಹಿರಿಯರು ಸಜ್ಜನರು, ಕಷ್ಟ ಅಂದರೆ ನಡುರಾತ್ರಿಯಲ್ಲೂ ಎದ್ದು ಬರುವವರು. ಆದರೂ "ಕೇಳಬಾರದು" ಎಂಬ ಆ ಮಾತು ವಾರವೆಲ್ಲ ಕಿವಿಯಲ್ಲೇ ಇದೆ.

ಸಂಜೆ ಅವರೇ ಸಭೆಯ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. 1891ರಲ್ಲಿ ಜೇಮ್ಸ್ ಬಾರ್ಟ್ಲಿ ಎಂಬ ನಾವಿಕನನ್ನು ತಿಮಿಂಗಿಲ ನುಂಗಿತಂತೆ, ಹೊಟ್ಟೆ ಸೀಳಿದಾಗ ಜೀವಂತ ಸಿಕ್ಕನಂತೆ. ಇದು ಹುಸಿ. ಅವನಿದ್ದನೆಂದು ಹೇಳುವ 'ಸ್ಟಾರ್ ಆಫ್ ದಿ ಈಸ್ಟ್' ಹೆಸರಿನ ಹಡಗೇನೋ ಇತ್ತು, ಆದರೆ ಅದು ತಿಮಿಂಗಿಲ ಬೇಟೆಯ ಹಡಗಲ್ಲ. ತನ್ನ ಗಂಡನ ಕಾಲದಲ್ಲಿ ಯಾರೂ ಸಮುದ್ರಕ್ಕೆ ಬಿದ್ದು ಕಾಣೆಯಾಗಿಲ್ಲ ಎಂದು ಅದರ ಕ್ಯಾಪ್ಟನ್ನನ ಹೆಂಡತಿಯೇ ಬರೆದಿದ್ದಳು. ಸ್ಪರ್ಮ್ ತಿಮಿಂಗಿಲದ ಗಂಟಲು ದೊಡ್ಡದೇ, ದೈತ್ಯ ಸ್ಕ್ವಿಡ್‌ಗಳನ್ನು ನುಂಗುತ್ತದೆ. ಆದರೆ ಹೊಟ್ಟೆಯೊಳಗೆ ಉಸಿರಾಡಲು ಗಾಳಿ ಇರುವುದಿಲ್ಲ, ಮನುಷ್ಯ ಕೆಲವೇ ನಿಮಿಷಗಳಲ್ಲಿ ಸಾಯುತ್ತಾನೆ. 2021ರಲ್ಲಿ ಅಮೆರಿಕದ ಕೇಪ್ ಕಾಡ್ ಬಳಿ ಲಾಬ್‌ಸ್ಟರ್ ಹಿಡಿಯುವವನೊಬ್ಬ ಹಂಪ್‌ಬ್ಯಾಕ್ ತಿಮಿಂಗಿಲದ ಬಾಯಿಯಿಂದ ಬದುಕಿ ಬಂದ ಎಂಬ ಸುದ್ದಿಯೂ ಜೊತೆಗೇ ಓಡಾಡುತ್ತದೆ. ಆತ ಇದ್ದದ್ದು ಬಾಯಲ್ಲಿ, ಅದೂ ಒಂದು ನಿಮಿಷದೊಳಗೆ; ಆ ಜಾತಿಯ ಗಂಟಲಿನಲ್ಲಿ ಮನುಷ್ಯ ಇಳಿಯುವುದೇ ಇಲ್ಲ. ಅದ್ಭುತ ಎಂದು ನಂಬುವವರು ನಂಬಲಿ. ಸುಳ್ಳು ಸಾಕ್ಷಿ ತಂದು ನಂಬಿಸುವುದು ಮಾತ್ರ ಬೇಡ.

ಆ ಹುಡುಗಿಗೆ ಮೊದಲು ತೋರಿಸಬೇಕಾದ್ದು ಬೈಬಲಿನ ಇನ್ನೊಂದು ಪುಸ್ತಕದ ವಚನ, 2 ಅರಸುಗಳು 14:25. ಗತ್‌ಹೇಫೆರಿನ ಅಮಿತ್ತೈಯ ಮಗ ಯೋನ, ಇಸ್ರೇಲಿನ ಅರಸ ಎರಡನೇ ಯಾರೊಬ್ಬಾಮನ ಕಾಲದ ಪ್ರವಾದಿ ಎಂದು ಅಲ್ಲಿದೆ. ಅಂದರೆ ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಆ ಹೆಸರಿನವನೊಬ್ಬ ಇದ್ದ ಎಂದು ಧಾರಾಳವಾಗಿ ಹೇಳಬಹುದು. ಆದರೆ ಆ ವಚನದಲ್ಲಿ ಮೀನೂ ಇಲ್ಲ, ನಿನೆವೆಯೂ ಇಲ್ಲ. ಇಸ್ರೇಲಿನ ಗಡಿ ವಿಸ್ತರಿಸುತ್ತದೆ ಎಂದು ನುಡಿದವನು ಅವನು, ಅಷ್ಟೇ.

ತೊಡಕು ಶುರುವಾಗುವುದು ನಿನೆವೆಯಲ್ಲಿ. ಯೋನನ ಕಾಲದಲ್ಲಿ ಅಶ್ಶೂರದ ರಾಜಧಾನಿ ಕಲ್ಹು. ಅಶ್ಶೂರದ ಅರಸ ಸನ್ಹೇರೀಬ ನಿನೆವೆಯನ್ನು ರಾಜಧಾನಿ ಮಾಡಿದ್ದು ಕ್ರಿಸ್ತಪೂರ್ವ 700ರ ಆಸುಪಾಸಿನಲ್ಲಿ. ಅವನು ಬೆಳೆಸಿದ ಊರಿನ ಕೋಟೆಗೋಡೆಯ ಸುತ್ತಳತೆಯೂ ಸುಮಾರು 12 ಕಿಲೋಮೀಟರ್, ಅರ್ಧ ದಿನದೊಳಗೆ ಒಂದು ಸುತ್ತು ನಡೆಯಬಹುದು. ಯೋನನ ಪುಸ್ತಕದಲ್ಲಿ ಅದು ಮೂರು ದಿನದ ಪ್ರಯಾಣದಷ್ಟು ದೊಡ್ಡದು, ಅರಸನಿಗೆ ಹೆಸರೇ ಇಲ್ಲ, ದನಕುರಿಗಳೂ ಗೋಣಿತಟ್ಟು ಹೊದ್ದು ಉಪವಾಸ ಮಾಡುತ್ತವೆ. ನಿನೆವೆಯ ಅಗೆತದಲ್ಲಿ ಸಿಕ್ಕ ಸಾವಿರಾರು ಮಣ್ಣಿನ ಹಲಗೆಗಳಲ್ಲಿ ಊರಿಗೆ ಊರೇ ಇಸ್ರೇಲಿನ ದೇವರ ಕಡೆ ತಿರುಗಿದ್ದಕ್ಕೆ ಒಂದು ಸಾಲೂ ಇಲ್ಲ.

ಕ್ರಿಸ್ತಪೂರ್ವ 763ರ ಸೂರ್ಯಗ್ರಹಣ, 765 ಮತ್ತು 759ರ ಪಿಡುಗುಗಳು ಜನರ ಎದೆಯಲ್ಲಿ ಭಯ ಹುಟ್ಟಿಸಿ ಯೋನನ ಮಾತಿಗೆ ದಾರಿ ಮಾಡಿದವು ಎಂಬ ವಾದವಿದೆ. ಇವು ಅಶ್ಶೂರದ ವರ್ಷಪಟ್ಟಿಯಲ್ಲೇ ದಾಖಲಾದ ಘಟನೆಗಳು. ಆದರೆ ಅದೇ ಪಟ್ಟಿ ಆ ವರ್ಷಗಳಲ್ಲಿ ಹೇಳುವುದು ದಂಗೆಗಳನ್ನು, ಪಶ್ಚಾತ್ತಾಪವನ್ನಲ್ಲ. ಹಳೆಯ ನಿನೆವೆ ಇದ್ದ ಇರಾಕಿನ ಮೋಸುಲ್‌ನ ನೆಬಿ ಯೂನುಸ್ ದಿಬ್ಬದಲ್ಲಿ ಯೋನನ ಸಮಾಧಿ ಎಂದು ಜನ ನಡೆದುಕೊಳ್ಳುತ್ತಿದ್ದ ಮಸೀದಿಯನ್ನು 2014ರ ಜುಲೈನಲ್ಲಿ ಐಸಿಸ್ ಸ್ಫೋಟಿಸಿತು. ಅದರಡಿ ಕೊರೆದ ಸುರಂಗಗಳಲ್ಲಿ ಆಮೇಲೆ ಕಂಡದ್ದು ಯೋನನಿಗಿಂತ ನೂರು ವರ್ಷ ಈಚಿನ ಅಶ್ಶೂರದ ಅರಸ ಏಸರ್‌ಹದ್ದೋನನ ಅರಮನೆಯ ಅವಶೇಷ.

ಹಿರಿಯರ ನಿಜವಾದ ಅಂಜಿಕೆ ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದ್ದು ಅನ್ನಿಸುತ್ತದೆ. ಯೇಸುಸ್ವಾಮಿಯೇ ಯೋನನ ಮಾತೆತ್ತಿದ್ದಾರೆ, ನಿನೆವೆಯವರು ನ್ಯಾಯತೀರ್ಪಿನ ದಿನ ಎದ್ದು ನಿಲ್ಲುತ್ತಾರೆ ಎಂದಿದ್ದಾರೆ. ಅಕ್ಷರಶಃ ನಂಬುವವರ ಅತ್ಯಂತ ಗಟ್ಟಿ ವಾದ ಇದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಕೇಳುಗರಿಗೆಲ್ಲ ಬಾಯಿಪಾಠವಾಗಿದ್ದ ಕತೆಯಿಂದ ಎಚ್ಚರಿಕೆ ಕೊಡುವ ಗುರು ಅದರ ಚರಿತ್ರೆಗೆ ಮುದ್ರೆ ಒತ್ತುತ್ತಿದ್ದಾನೆ ಎಂದೇ ತಿಳಿಯಬೇಕಿಲ್ಲ. ಇದನ್ನು ಮಗುವಿಗೆ ಹೇಳಬಹುದಿತ್ತು. "ಕೇಳಬಾರದು" ಅಂದದ್ದರಿಂದ ಏನು ಉಳಿಯಿತು?

ಯೋನನ ಪುಸ್ತಕದ ಒಟ್ಟು 48 ವಚನಗಳಲ್ಲಿ ಮೀನು ಬರುವುದು ಮೂರರಲ್ಲಿ. ಕ್ರಿಸ್ತಪೂರ್ವ 722ರ ಸುಮಾರಿಗೆ ಇಸ್ರೇಲಿನ ರಾಜಧಾನಿ ಸಮಾರ್ಯವನ್ನು ಕೆಡವಿ ಜನರನ್ನು ಸೆರೆಯೊಯ್ದದ್ದು ಇದೇ ಅಶ್ಶೂರ. ಬಹುಪಾಲು ವಿದ್ವಾಂಸರು ಹೇಳುವಂತೆ ಪುಸ್ತಕ ಅದಕ್ಕೂ ಬಹಳ ಈಚಿನದಾದರೆ, ಮೊದಲು ಓದಿದವರಿಗೆ ಆ ಗಾಯ ಗೊತ್ತಿತ್ತು. ಅಂಥವರ ಮುಂದೆ, ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಮಂದಿಯ ಮೇಲೆ ನಾನು ಕನಿಕರಪಡಬಾರದೇ ಎಂದು ದೇವರು ಕೇಳುತ್ತಾನೆ. ಯೋನನಿಗೆ ಅದೇ ಸಿಟ್ಟು. ಯೆಹೂದ್ಯರು ತಮ್ಮ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಮಧ್ಯಾಹ್ನ ಈ ಪುಸ್ತಕವನ್ನು ಪೂರ್ತಿ ಓದುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರು ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಮುಂಚೆ ಮೂರು ದಿನದ ನೋಂಬು ಹಿಡಿಯುತ್ತಾರೆ. ಅದು ನಿನೆವೆಯ ಜನರ ಪಶ್ಚಾತ್ತಾಪದ ಹೆಸರಿನಲ್ಲಿ.