ಸಹಿ ಹಾಕಿದ್ದಾರೆಯೋ, ಹಾಕಬೇಕೋ?

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸಭಾ ನಡಾವಳಿಯನ್ನು ಕನ್ನಡಕ್ಕೆ ಅನುವಾದಿಸುವಾಗ ಈ ವಾಕ್ಯ ಎದುರಾಯಿತು: ‘ದಿ ಮ್ಯಾನೇಜರ್ ಇನ್ಸಿಸ್ಟೆಡ್ ದಟ್ ದಿ ಕ್ಲರ್ಕ್ ಸೈನ್ ದಿ ರಿಜಿಸ್ಟರ್.’ ‘ಗುಮಾಸ್ತರು ರಿಜಿಸ್ಟರಿಗೆ ಸಹಿ ಹಾಕಿದ್ದಾರೆ ಎಂದು ಮ್ಯಾನೇಜರ್ ಒತ್ತಿ ಹೇಳಿದರು’ ಎಂದು ನಾನು ಬರೆದೆ. ಮೂಲದ ಅರ್ಥ ಅದಾಗಿರಲಿಲ್ಲ. ಗುಮಾಸ್ತರು ಸಹಿ ಹಾಕಲೇಬೇಕು ಎಂದು ಮ್ಯಾನೇಜರ್ ಪಟ್ಟು ಹಿಡಿದಿದ್ದರು. ನನ್ನ ವಾಕ್ಯದಲ್ಲಿ ಆಗಿಹೋಗಿದ್ದ ಕೆಲಸ ಮೂಲದಲ್ಲಿ ಇನ್ನೂ ಆಗಿಯೇ ಇರಲಿಲ್ಲ. ‘ಸೈನ್’ ಎಂಬಲ್ಲಿ ‘ಸೈನ್ಡ್’ ಎಂದಿದ್ದರೆ ನನ್ನ ಅನುವಾದ ಸರಿಯಾಗುತ್ತಿತ್ತು. ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ಇಷ್ಟು ದೊಡ್ಡ ಅರ್ಥಭೇದ ನಿಂತಿರುವುದೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹೈಸ್ಕೂಲಿನಲ್ಲಿ ಇಂಡೈರೆಕ್ಟ್ ಸ್ಪೀಚ್, ಅಂದರೆ ಒಬ್ಬರು ಆಡಿದ ಮಾತನ್ನು ವರದಿ ಮಾಡುವ ಕ್ರಮದ ಪಾಠದೊಂದಿಗೆ ನಾವೆಲ್ಲ ಬಾಯಿಪಾಠ ಮಾಡಿದ ಪಟ್ಟಿಯೊಂದಿದೆ: ‘ವಿಲ್’ ಇದ್ದರೆ ‘ವುಡ್’, ‘ಕ್ಯಾನ್’ ಇದ್ದರೆ ‘ಕುಡ್’, ‘ಮೇ’ ಇದ್ದರೆ ‘ಮೈಟ್’. ಪಟ್ಟಿಯಲ್ಲಿ ತಪ್ಪೇನಿಲ್ಲ. ವುಡ್, ಕುಡ್, ಶುಡ್, ಮೈಟ್ ಇವು ಮೂಲತಃ ವಿಲ್, ಕ್ಯಾನ್, ಶಲ್, ಮೇ ಎಂಬ ಸಹಾಯಕ ಕ್ರಿಯಾಪದಗಳ ಭೂತರೂಪಗಳೇ. (‘ಕುಡ್’ ಪದದ ಬರವಣಿಗೆಯಲ್ಲಿ ಉಚ್ಚಾರವಿಲ್ಲದೆ ಕುಳಿತಿರುವ ಎಲ್ ಅಕ್ಷರ ಹಳೆಯ ಇಂಗ್ಲಿಷಿನಲ್ಲಿ ಇರಲೇ ಇಲ್ಲ, ವುಡ್, ಶುಡ್‌ಗಳನ್ನು ನೋಡಿ ಆಮೇಲೆ ಸೇರಿಸಿಕೊಂಡದ್ದು.) ‘ಮಸ್ಟ್’ಗೆ ಬೇರೆ ಭೂತರೂಪವಿಲ್ಲದ ಕಾರಣ ಅದು ಹಾಗೆಯೇ ಉಳಿಯಬಹುದು, ಇಲ್ಲವೇ ‘ಹ್ಯಾಡ್ ಟು’ ಆಗಬಹುದು. ಆದರೆ ‘ಅವರು ಈಗ ಮನೆಯಲ್ಲೇ ಇರಬೇಕು’ ಎಂಬಂಥ ಊಹೆಯ ‘ಮಸ್ಟ್’ ಅನ್ನು ‘ಹ್ಯಾಡ್ ಟು’ ಮಾಡಿದರೆ ಊಹೆ ಹೋಗಿ ಕಟ್ಟಳೆಯ ಅರ್ಥ ಬಂದುಬಿಡುತ್ತದೆ. ನಮ್ಮ ‘ಬೇಕು’ ಕೂಡ ಊಹೆಗೂ ಕಟ್ಟಳೆಗೂ ಒಂದೇ ರೂಪದಲ್ಲಿ ಒದಗುವುದರಿಂದ ಕನ್ನಡಿಗರಿಗೆ ಇದು ಬೇಗ ಅರ್ಥವಾಗಬೇಕಾದ ಸಂಗತಿ.

ಈ ಪಟ್ಟಿ ನೆರವಾಗುವುದು ಮಾತನಾಡಿದವರು ತಾವೇ ವಿಲ್, ಕ್ಯಾನ್‌ಗಳಂಥ ಒಂದು ಮೋಡಲ್ ಕ್ರಿಯಾಪದವನ್ನು ಬಳಸಿದ್ದಾಗ ಮಾತ್ರ. ಸಜೆಸ್ಟ್, ಇನ್ಸಿಸ್ಟ್, ರೆಕಮೆಂಡ್, ಡಿಮಾಂಡ್, ಪ್ರೊಪೋಸ್ ಮುಂತಾದ ಕ್ರಿಯಾಪದಗಳ ದಾರಿ ಬೇರೆ. ‘ಎರಡು ದಿನ ವಿಶ್ರಾಂತಿ ತೆಗೆದುಕೊಳ್ಳಬಾರದೇಕೆ?’ ಎಂದು ವೈದ್ಯರು ಕೇಳಿದ್ದನ್ನೂ, ‘ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ನೇರವಾಗಿ ಹೇಳಿದ್ದನ್ನೂ ಇಂಗ್ಲಿಷ್ ಒಂದೇ ಬಗೆಯಲ್ಲಿ ವರದಿ ಮಾಡಬಲ್ಲದು: ‘ದಿ ಡಾಕ್ಟರ್ ಸಜೆಸ್ಟೆಡ್ ದಟ್ ಹಿ ಶುಡ್ ರೆಸ್ಟ್.’ ಇಲ್ಲಿಯ ‘ಶುಡ್’ ವೈದ್ಯರ ಬಾಯಿಂದ ಬಂದದ್ದಲ್ಲ, ‘ಸಜೆಸ್ಟ್’ ಎಂಬ ಕ್ರಿಯಾಪದ ಕರೆತಂದದ್ದು. ಅದನ್ನು ಬಿಟ್ಟು ‘ದಟ್ ಹಿ ರೆಸ್ಟ್’ ಎಂದು ಬರಿಯ ಧಾತುರೂಪವನ್ನೇ ಇಟ್ಟರೂ ಅರ್ಥ ಅದೇ. ಅಮೆರಿಕದವರಿಗೆ ಬರಿಯ ರೂಪವೇ ಹೆಚ್ಚು ರೂಢಿ. ಬ್ರಿಟನ್ನಿನಲ್ಲಿ ‘ಶುಡ್’ ಹೆಚ್ಚಾಗಿ ಬಳಕೆಯಲ್ಲಿತ್ತು, ಆದರೆ 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯೂ ಬರಿಯ ರೂಪ ಮತ್ತೆ ಬೆಳೆಯಿತು. ನಮ್ಮ ಸಂಸತ್ತಿನಲ್ಲಿ ಮಸೂದೆಯ ಅಂಗೀಕಾರಕ್ಕಾಗಿ ಮಂಡಿಸುವ ಪ್ರಸ್ತಾವದ ‘ದಟ್ ದಿ ಬಿಲ್ ಬಿ ಪಾಸ್ಡ್’ ಎಂಬ ಒಕ್ಕಣೆಯಲ್ಲಿರುವುದೂ ಇದೇ ರೂಪ. ಅಲ್ಲಿ ‘ಈಸ್’ ಎಂದಿದ್ದರೆ ಮಸೂದೆ ಅಂಗೀಕಾರವಾಗಿದೆ ಎಂಬ ಸುದ್ದಿಯಾಗುತ್ತಿತ್ತು. ‘ಬಿ’ ಎಂದಿರುವುದರಿಂದ ಅಂಗೀಕಾರವಾಗಲಿ ಎಂಬ ಕೋರಿಕೆಯಾಗಿದೆ. ನಿಷೇಧದಲ್ಲಿ ಈ ರೂಪ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ: ‘ದಟ್ ಹಿ ನಾಟ್ ಗೋ’ ಎಂದರೆ ಹೋಗಬಾರದು ಎಂಬ ಸಲಹೆ, ‘ದಟ್ ಹಿ ಡಿಡ್ ನಾಟ್ ಗೋ’ ಎಂದರೆ ಸಾಮಾನ್ಯವಾಗಿ ಅವನು ಹೋಗಲಿಲ್ಲ ಎಂಬ ಸಂಗತಿ.

ಒಂದೇ ಕ್ರಿಯಾಪದ ಸಂಗತಿಯನ್ನೂ ಬೇಡಿಕೆಯನ್ನೂ ಹೊರಬಲ್ಲದು ಎಂಬುದೇ ಇಲ್ಲಿನ ಮುಖ್ಯ ತೊಡಕು. ಸೇತುವೆ ದುರ್ಬಲವಾಗಿದೆ ಎಂದು ವರದಿಯೊಂದು ‘ಸಜೆಸ್ಟ್’ ಮಾಡಿದಾಗ ಅಧೀನವಾಕ್ಯದಲ್ಲಿ, ಅಂದರೆ ‘ದಟ್’ ನಂತರದ ಭಾಗದಲ್ಲಿ, ‘ಈಸ್’ ಬರುತ್ತದೆ. ಸೇತುವೆಯನ್ನು ದುರಸ್ತಿ ಮಾಡಬೇಕೆಂದು ಎಂಜಿನಿಯರ್ ‘ಸಜೆಸ್ಟ್’ ಮಾಡಿದಾಗ ‘ಶುಡ್ ಬಿ’ ಅಥವಾ ಬರಿಯ ‘ಬಿ’ ಬರುತ್ತದೆ. ಕನ್ನಡದ ‘ಸೂಚಿಸು’ ಪದಕ್ಕೂ ಇದೇ ಎರಡು ಅರ್ಥಗಳಿವೆ ಎಂಬುದು ಹೊಳೆದ ದಿನ ನನಗಾದ ಸಂತೋಷ ಸಣ್ಣದಲ್ಲ. ಸೇತುವೆ ದುರ್ಬಲವಾಗಿದೆ ಎಂದು ವರದಿ ಸೂಚಿಸುತ್ತದೆ. ಸೇತುವೆಯನ್ನು ದುರಸ್ತಿ ಮಾಡುವಂತೆ ಎಂಜಿನಿಯರ್ ಸೂಚಿಸುತ್ತಾರೆ. ಆದರೆ ನಾವು ಅರ್ಥವನ್ನು ಬೇರ್ಪಡಿಸುವ ಬಗೆ ಬೇರೆ. ಹೋಗು ಎಂದು, ಹೋಗಲಿ ಎಂದು, ಹೋಗಬೇಕೆಂದು, ಹೋಗಬಹುದೆಂದು, ಹೋಗಕೂಡದೆಂದು, ಹೋಗುವಂತೆ ಎಂದು ಕನ್ನಡ ಆಡಿದವರ ಮನಸ್ಸನ್ನೆಲ್ಲ ಅಧೀನವಾಕ್ಯದೊಳಗೇ ತುಂಬಿಡುತ್ತದೆ. ಅದರ ಮುಂದೆ ಬರಿಯ ‘ಹೇಳಿದರು’ ಬಂದರೂ ಸಾಕು. ಇಂಗ್ಲಿಷಿನ ಬರಿಯ ರೂಪದ ವಾಕ್ಯದಲ್ಲಾದರೋ ಆಡಿದವರ ಮನಸ್ಸು ಇರುವುದು ಮುಖ್ಯ ಕ್ರಿಯಾಪದದಲ್ಲಿ. ಅಧೀನವಾಕ್ಯದಲ್ಲಿ ‘ಬೇಕು’ ಹುಡುಕುವ ಅಭ್ಯಾಸದ ಕಣ್ಣಿಗೆ ಅಲ್ಲಿ ಏನೂ ಸಿಗುವುದಿಲ್ಲ. ಸಿಗದಿದ್ದಾಗ ಅದು ಸಂಗತಿಯೇ ಇರಬೇಕೆಂದು ನಾವು ಓದಿಕೊಳ್ಳುತ್ತೇವೆ. ನನ್ನ ಅನುವಾದದಲ್ಲಿ ಆದದ್ದು ಇದೇ.

ನಮ್ಮವರ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕೇಳಿಬರುವ ‘ಹಿ ಸಜೆಸ್ಟೆಡ್ ಮಿ ಟು ಗೋ’ ಎಂಬ ಪ್ರಯೋಗಕ್ಕೂ ಕನ್ನಡದ ಒಂದು ಸೊಗಸಾದ ಕ್ರಮಬದ್ಧತೆಯೇ ಕಾರಣವೆಂದು ನನಗೆ ತೋರುತ್ತದೆ. ಹೇಳು, ಸೂಚಿಸು, ಕೋರು, ಒತ್ತಾಯಿಸು, ಆದೇಶಿಸು ಇವೆಲ್ಲವೂ ‘ಹೋಗುವಂತೆ’ ಎಂಬ ಒಂದೇ ರೂಪವನ್ನು ಒಪ್ಪುತ್ತವೆ. ಇಂಗ್ಲಿಷಿನಲ್ಲಿ ಟೆಲ್, ಆಸ್ಕ್, ಅಡ್ವೈಸ್, ಆರ್ಡರ್, ಅರ್ಜ್ ಇವು ಮೊದಲು ವ್ಯಕ್ತಿಯನ್ನು, ಅನಂತರ ‘ಟು’ ಸಹಿತ ಕ್ರಿಯೆಯನ್ನು ತೆಗೆದುಕೊಂಡರೆ, ಸಜೆಸ್ಟ್, ಇನ್ಸಿಸ್ಟ್, ಪ್ರೊಪೋಸ್ ಆ ರಚನೆಗೆ ಒಗ್ಗುವುದಿಲ್ಲ. ‘ದಟ್’ ಬೇಕು, ಅದರ ನಂತರದ ಭಾಗದಲ್ಲಿ ‘ಶುಡ್’ ಅಥವಾ ಬರಿಯ ರೂಪ ಬೇಕು. ಮಕ್ಕಳು ಹೀಗೆ ಬರೆದಾಗ ಕೆಂಪು ಗೆರೆ ಎಳೆದು ಸುಮ್ಮನಾಗುವ ಬದಲು, ‘ನೀನು ಕನ್ನಡದ ನಿಯಮವನ್ನು ಇಲ್ಲಿಗೆ ತಂದಿದ್ದೀಯೆ, ಇಂಗ್ಲಿಷಿನಲ್ಲಿ ಈ ಕ್ರಿಯಾಪದಗಳು ಎರಡು ಗುಂಪಾಗಿ ಒಡೆದಿವೆ’ ಎಂದು ಹೇಳಿಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಇಂಥ ವಾಕ್ಯ ಬಂದರೆ ನಾನು ಮೊದಲು ಮುಖ್ಯ ಕ್ರಿಯಾಪದವನ್ನು ನೋಡಿ, ಅಧೀನವಾಕ್ಯದ ಕ್ರಿಯಾಪದ ಕಾಲಕ್ಕೂ ಕರ್ತೃವಿಗೂ ತಕ್ಕಂತೆ ಬದಲಾಗಿದೆಯೇ ಎಂದು ಪರಿಶೀಲಿಸುತ್ತೇನೆ. ಬದಲಾಗದೆ ಧಾತುವಾಗಿಯೇ ಉಳಿದಿದ್ದರೆ ಕನ್ನಡದಲ್ಲಿ ‘ಬೇಕೆಂದು’ ಅಥವಾ ‘ವಂತೆ’ ಬರೆಯುತ್ತೇನೆ. ಆದರೆ ಬ್ರಿಟಿಷ್ ಬರಹದಲ್ಲಿ ಈ ಗುರುತೂ ಕೆಲವೊಮ್ಮೆ ಕೈಕೊಡುತ್ತದೆ, ಏಕೆಂದರೆ ಅಲ್ಲಿ ಬೇಡಿಕೆಯ ಅರ್ಥದಲ್ಲಿಯೂ ಸಾಮಾನ್ಯ ಭೂತಕಾಲವನ್ನು ಬಳಸುವುದುಂಟು. ಕಾರ್ಮಿಕರ ಸಂಬಳದ ಬಗ್ಗೆ ಸಂಘದವರು ‘ಇನ್ಸಿಸ್ಟೆಡ್ ದಟ್ ದಿ ವರ್ಕರ್ಸ್ ವರ್ ಪೇಯ್ಡ್’ ಎಂದಿದ್ದರೆ, ಸಂಬಳ ಕೊಟ್ಟಾಗಿದೆ ಎಂದು ಅವರು ವಾದಿಸಿದರೋ, ಕೊಡಲೇಬೇಕೆಂದು ಒತ್ತಾಯಿಸಿದರೋ ಎಂಬುದು ಆ ಒಂದು ವಾಕ್ಯದಿಂದ ತಿಳಿಯುವುದಿಲ್ಲ. ಹಿಂದುಮುಂದಿನ ಪುಟಗಳಲ್ಲಿಯೂ ಉತ್ತರ ಸಿಗದಿದ್ದರೆ ಮೂಲ ಬರೆದವರಿಗೇ ಪತ್ರ ಬರೆದು ಕೇಳುತ್ತೇನೆ. ಅವರ ಉತ್ತರ ಬರುವವರೆಗೆ ಆ ಸಾಲಿನ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.